ಚಾರ್ಜ್ ನಿಲ್ಲದ ಫೋನು: ಬ್ಯಾಟರಿ ಹಾಕಿಸೋದಾ, ಸೆಟ್ಟೇ ಬದಲಾಯಿಸೋದಾ?

ಈ ಮಳೆಗಾಲದಲ್ಲಿ ಒಂದೇ ವಾರದೊಳಗೆ ಮೂರು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ತಂದರು.

ಕಳಸದ ಕಡೆ ತೋಟದ ಮನೆಯಲ್ಲಿರುವ ಅಕ್ಕ, ಅಂದರೆ ನಮ್ಮ ದೊಡ್ಡಮ್ಮನ ಮಗಳು, ಫೋನ್ ಮಾಡಿ ಗೋಳು ಹೇಳಿಕೊಂಡಳು. "ಬೆಳಿಗ್ಗೆ ನೂರು ಇರ್ತದೆ ಮಾರಾಯ. ಮಧ್ಯಾಹ್ನ ಊಟಕ್ಕೆ ಕೂರೋಷ್ಟರಲ್ಲಿ ಹದಿನೈದು." ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಪಕ್ಕದ ಮನೆ ಹುಡುಗನ ಲ್ಯಾಪ್‌ಟಾಪ್, ಚಾರ್ಜರ್ ಕಿತ್ತರೆ 20 ನಿಮಿಷಕ್ಕೆ ಕಣ್ಣು ಮುಚ್ಚುತ್ತದೆ. ಇಲ್ಲಿ ಚಿಕ್ಕಮಗಳೂರಿನ ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಮೇಷ್ಟ್ರದ್ದು ಐಫೋನ್ 12. ಮಗ ಬಳಸಿ ಕೊಟ್ಟಿದ್ದು. 30 ಪರ್ಸೆಂಟ್ ತೋರಿಸುತ್ತಿರುವಾಗಲೇ ಪಕ್ಕನೆ ಆಫ್ ಆಗುತ್ತದೆ.

ಮೂವರದ್ದೂ ಒಂದೇ ಗೊಂದಲ. ಬ್ಯಾಟರಿ ಹಾಕಿಸಲಾ? ಹಾಕಿಸಿದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಲಾ, ಪೇಟೆಯ ಅಂಗಡಿ ಸಾಕಾ? ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗುತ್ತಲ್ಲ, ಅದನ್ನೇ ತರಿಸಲಾ? ಅಥವಾ ಇದರ ಸಹವಾಸವೇ ಬೇಡ ಅಂತ ಹೊಸದು ತಗೊಳ್ಳಲಾ? ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಹೇಗೆ ಆ ಉತ್ತರಕ್ಕೆ ಬಂದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಬ್ಯಾಟರಿಯದ್ದೇನಾ?

ದುಡ್ಡು ಬಿಚ್ಚುವ ಮೊದಲು ಇದನ್ನು ಕೇಳಿಕೊಳ್ಳಿ. ಮಲೆನಾಡಿನಲ್ಲಿ ಇದು ಇನ್ನೂ ಮುಖ್ಯ. ಸಿಗ್ನಲ್ ಸಿಗದ ಜಾಗದಲ್ಲಿ ಫೋನು ಸುಮ್ಮನೆ ಕೂರುವುದಿಲ್ಲ. ಟವರ್ ಹುಡುಕುತ್ತಲೇ ಇರುತ್ತದೆ, ಎಲ್ಲೋ ದೂರದ ಟವರ್ ಸಿಕ್ಕರೆ ಅದಕ್ಕೆ ಕೇಳಿಸಲಿ ಅಂತ ಜೋರಾಗಿ ಕೂಗುತ್ತದೆ. ಆ ಕೂಗಾಟಕ್ಕೆಲ್ಲ ಚಾರ್ಜು ಬೇಕು. ಬ್ಯಾಟರಿ ಗಟ್ಟಿಮುಟ್ಟಾಗಿದ್ದರೂ ಮಧ್ಯಾಹ್ನಕ್ಕೆ ಖಾಲಿ.

ಅಕ್ಕನಿಗೆ ನಾನು ಹೇಳಿದ್ದು ಎರಡು ರಾತ್ರಿಯ ಪರೀಕ್ಷೆ. ಮೊದಲ ರಾತ್ರಿ ಮಲಗುವಾಗ ಚಾರ್ಜ್ ಎಷ್ಟಿದೆ ನೋಡಿಕೊಂಡು ಏರೋಪ್ಲೇನ್ ಮೋಡ್ ಹಾಕು. ಬೆಳಿಗ್ಗೆ ಎದ್ದು ಎಷ್ಟು ಇಳಿದಿದೆ ಬರೆದಿಡು. ಎರಡನೇ ರಾತ್ರಿ ಏನೂ ಮಾಡದೆ ಹಾಗೇ ಬಿಡು. ಬೆಳಿಗ್ಗೆ ಮತ್ತೆ ಬರೆದಿಡು. ಮೊದಲ ರಾತ್ರಿ 3 ಪರ್ಸೆಂಟ್ ಇಳಿದಿತ್ತು. ಎರಡನೇ ರಾತ್ರಿ 24. ಅಲ್ಲಿಗೆ ಬ್ಯಾಟರಿ ಪಾಪ ನಿರಪರಾಧಿ. ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದೆ, ಆದರೆ ಫೋನಿನಲ್ಲಿ ವೈಫೈ ಕಾಲಿಂಗ್ (ಟವರ್ ಬದಲು ವೈಫೈ ಮೂಲಕ ಕರೆ) ಆನ್ ಮಾಡಿರಲಿಲ್ಲ. ಅದನ್ನು ಆನ್ ಮಾಡಿಸಿದೆ. ಮನೆಯೊಳಗೆ ಇರುವಾಗ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಇಟ್ಟುಕೋ ಎಂದೆ. ಕರೆಯೂ ಬರುತ್ತದೆ, ಚಾರ್ಜೂ ಉಳಿಯುತ್ತದೆ. ಖರ್ಚು ಸೊನ್ನೆ.

ಚಾರ್ಜೇ ಸರಿಯಾಗಿ ಏರುತ್ತಿಲ್ಲ ಅಂದರೆ ಮೊದಲು ಕೇಬಲ್ ಬದಲಾಯಿಸಿ ನೋಡಿ. ಫೋನು ಆಫ್ ಮಾಡಿ, ಚಾರ್ಜಿಂಗ್ ತೂತಿನೊಳಗೆ ಒಣಗಿದ ಮರದ ಕಡ್ಡಿಯಿಂದ ಮೆಲ್ಲಗೆ ಕೆದಕಿ. ಪ್ಯಾಂಟಿನ ಜೇಬಿನ ನೂಲು, ತೋಟದ ಧೂಳು ಸೇರಿ ಒಳ್ಳೆ ಹತ್ತಿಯ ಬತ್ತಿಯಂಥದ್ದು ಹೊರಗೆ ಬಂದರೆ ಆಶ್ಚರ್ಯ ಬೇಡ.

ನಿಜವಾಗಿ ಬ್ಯಾಟರಿ ಮುಗಿದಿದ್ದರೆ ಲಕ್ಷಣಗಳು ಬೇರೆ. 40ರಲ್ಲಿದ್ದದ್ದು ಒಮ್ಮೆಲೇ 12ಕ್ಕೆ ಜಿಗಿಯುತ್ತದೆ. ಕ್ಯಾಮೆರಾ ತೆರೆದ ಕೂಡಲೇ ಆಫ್ ಆಗಿ, ಚಾರ್ಜರ್ ಚುಚ್ಚಿದ ಮರುಕ್ಷಣ 25 ತೋರಿಸುತ್ತದೆ. ಹಳೆಯ ಬ್ಯಾಟರಿಯೊಳಗೆ ಪ್ರತಿರೋಧ ಹೆಚ್ಚಿರುತ್ತದೆ. ಒಮ್ಮೆಗೇ ಜಾಸ್ತಿ ಕರೆಂಟ್ ಕೇಳಿದರೆ ವೋಲ್ಟೇಜ್ ಕುಸಿಯುತ್ತದೆ, ಫೋನು ಹೆದರಿ ಬಾಗಿಲು ಹಾಕುತ್ತದೆ. ಮೇಷ್ಟ್ರ ಫೋನಿನದ್ದು ಇದೇ ಕಾಯಿಲೆ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ನೋಡಿದರೆ 76 ಪರ್ಸೆಂಟ್. ಐಫೋನ್ 14ರವರೆಗಿನ ಸೆಟ್‌ಗಳ ಬ್ಯಾಟರಿ 500 ಸಲ ಪೂರ್ತಿ ಚಾರ್ಜ್ ಆದ ಮೇಲೆ 80 ಪರ್ಸೆಂಟ್ ಶಕ್ತಿ ಉಳಿಸಿಕೊಳ್ಳುವಂತೆ ಮಾಡಿದ್ದು ಎಂದು ಆಪಲ್ ಹೇಳುತ್ತದೆ, 15ರಿಂದ ಈಚೆಯವಕ್ಕೆ 1,000 ಸಲ. 80ಕ್ಕಿಂತ ಕೆಳಗಿಳಿದರೆ ಬದಲಾಯಿಸುವ ಕಾಲ ಬಂತು ಅಂತ ಲೆಕ್ಕ. ಸ್ಯಾಮ್‌ಸಂಗ್ ಇದ್ದವರು ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್‌ನಲ್ಲಿ ಬ್ಯಾಟರಿ ಪರೀಕ್ಷೆ ಮಾಡಿಕೊಳ್ಳಬಹುದು.

ಇನ್ನು ಫೋನಿನ ಬೆನ್ನು ಉಬ್ಬಿದ್ದರೆ, ಅಥವಾ ಸ್ಕ್ರೀನು ಒಂದು ಬದಿಯಲ್ಲಿ ಎದ್ದಿದ್ದರೆ ಈ ಪರೀಕ್ಷೆ ಯಾವುದೂ ಬೇಡ. ಒಳಗಿನ ದ್ರಾವಣ ಒಡೆದು ಗ್ಯಾಸ್ ತುಂಬಿಕೊಂಡಿದೆ ಅಂತ ಅರ್ಥ. ಚಾರ್ಜಿಗೆ ಹಾಕುವುದನ್ನು ಅವತ್ತೇ ನಿಲ್ಲಿಸಿ.

ಏನನ್ನು ತೂಗಿ ನೋಡಬೇಕು

ಬ್ಯಾಟರಿಯೇ ಹೋಗಿದೆ ಅಂತ ಖಚಿತವಾದ ಮೇಲೆ ನಾನು ನೋಡುವುದು ನಾಲ್ಕು ಸಂಗತಿ.

ಒಂದು, ಈ ಸೆಟ್ ಇನ್ನೆಷ್ಟು ದಿನ ನಡೆಯುತ್ತದೆ. ಬ್ಯಾಟರಿ ಹೊಸದಾದರೂ ಸಾಫ್ಟ್‌ವೇರ್ ಅಪ್‌ಡೇಟ್ ನಿಂತುಹೋಗಿ ಕೆಲವು ವರ್ಷಗಳಾಗಿದ್ದರೆ ಬ್ಯಾಂಕಿನ ಆ್ಯಪ್, ವಾಟ್ಸಾಪ್ ಒಂದೊಂದಾಗಿ ಕೈಬಿಡುತ್ತವೆ.

ಎರಡು, ಒಳಗೆ ಬಂದು ಕೂರುವ ಸೆಲ್ ಯಾರದು, ಯಾವಾಗ ಮಾಡಿದ್ದು. ಲಿಥಿಯಂ ಬ್ಯಾಟರಿ ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿದ್ದರೂ ಮುದಿಯಾಗುತ್ತದೆ. ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಮೂರು, ಫೋನಿಲ್ಲದೆ ಎಷ್ಟು ದಿನ ಇರಬಲ್ಲಿರಿ, ಮತ್ತು ರಿಪೇರಿ ಕೆಟ್ಟರೆ ಕೇಳುವುದಕ್ಕೆ ಒಬ್ಬ ಮನುಷ್ಯ ಇದ್ದಾನಾ.

ನಾಲ್ಕನೆಯದು ದುಡ್ಡು. ಬೆಲೆ ಅಲ್ಲ, ತಿಂಗಳ ಬೆಲೆ. ನನ್ನದೇ ಲೆಕ್ಕ ಹೇಳುತ್ತೇನೆ. ಮೂರು ವರ್ಷದ ಹಿಂದೆ ನನ್ನ ಆಂಡ್ರಾಯ್ಡ್ ಫೋನಿಗೆ ಅಂಗಡಿಯಲ್ಲಿ 900 ರೂಪಾಯಿಗೆ ಹಾಕಿಸಿದ ಬ್ಯಾಟರಿ 7 ತಿಂಗಳು ಬಂತು. ತಿಂಗಳಿಗೆ 130ರ ಹತ್ತಿರ ಆಯಿತು. ಆಮೇಲೆ ಸರ್ವಿಸ್ ಸೆಂಟರಿನಲ್ಲಿ 1,700 ಕೊಟ್ಟು ಹಾಕಿಸಿದ್ದು ಎರಡು ವರ್ಷ ದಾಟಿದೆ, ಇನ್ನೂ ಓಡುತ್ತಿದೆ. ತಿಂಗಳಿಗೆ 70 ರೂಪಾಯಿ. ಅದೇ 15,000ದ ಹೊಸ ಫೋನು ತಗೊಂಡು ನಾಲ್ಕು ವರ್ಷ ಬಳಸಿದರೂ ತಿಂಗಳಿಗೆ 300 ದಾಟುತ್ತದೆ. ಅಗ್ಗದ್ದು ಯಾವುದು, ನೀವೇ ನೋಡಿ.

ಕಂಪನಿಯ ಸರ್ವಿಸ್ ಸೆಂಟರ್

ಸೆಟ್ಟಿಗೆ ಮೂರು ನಾಲ್ಕು ವರ್ಷದೊಳಗಿನ ವಯಸ್ಸು, ಇನ್ನೂ ಎರಡು ವರ್ಷ ಬಳಸುವ ಮನಸ್ಸು ಇದ್ದರೆ ಕಣ್ಣು ಮುಚ್ಚಿಕೊಂಡು ಇಲ್ಲಿಗೇ ಹೋಗಿ ಅನ್ನುತ್ತೇನೆ. ಸೆಲ್ ಯಾರದು ಅನ್ನುವ ಪ್ರಶ್ನೆಗೆ ಇಲ್ಲಿ ನೇರ ಉತ್ತರ ಇದೆ. ಜಿಎಸ್‌ಟಿ ಬಿಲ್ ಸಿಗುತ್ತದೆ. ನೀರು ಒಳಗೆ ಹೋಗದ ಹಾಗೆ ಇರುವ ಅಂಟನ್ನೂ ಹೊಸದಾಗಿ ಹಾಕುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೇಬಲ್ಲಿ ಒದ್ದೆ ಕರ್ಚೀಫಿನ ಜೊತೆ ಫೋನ್ ಇಟ್ಟುಕೊಂಡು ಓಡಾಡುವ ನಮಗೆ ಇದು ಸಣ್ಣ ಮಾತಲ್ಲ.

ಐಫೋನ್ ಇದ್ದವರಿಗೆ ಇನ್ನೊಂದು ಕಾರಣ. ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ಆಮೇಲೆ ಬಂದ ಸೆಟ್‌ಗಳಲ್ಲಿ ಹೊರಗಿನ ಬ್ಯಾಟರಿ ಹಾಕಿದರೆ ಸೆಟ್ಟಿಂಗ್ಸ್‌ನಲ್ಲಿ 'ಗೊತ್ತಿಲ್ಲದ ಭಾಗ' ಎಂದು ಬರೆದು ತೋರಿಸುತ್ತದೆ. ಮುಂದೆ ಮಾರುವಾಗ ಬೆಲೆ ಇಳಿಯುತ್ತದೆ. ಬ್ಯಾಟರಿ ಹಳೆಯದಾದ ಐಫೋನು ನಿಧಾನವೂ ಆಗಬಹುದು. ಪಕ್ಕನೆ ಆಫ್ ಆಗದಿರಲಿ ಅಂತ ಸಾಫ್ಟ್‌ವೇರ್ ಮೂಲಕ ವೇಗ ತಗ್ಗಿಸುತ್ತಿದ್ದೇವೆ ಎಂದು ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು, ಗಲಾಟೆಯಾದ ಮೇಲೆ 2018ರಲ್ಲಿ ಒಂದು ವರ್ಷ ಕಡಿಮೆ ಬೆಲೆಗೆ ಬ್ಯಾಟರಿ ಹಾಕಿಕೊಟ್ಟಿತು. "ಫೋನ್ ಸ್ಲೋ ಆಗಿದೆ, ಹೊಸದು ತಗೋಬೇಕು" ಅನ್ನುವವರು ಮೊದಲು ಬ್ಯಾಟರಿ ಹೆಲ್ತ್ ನೋಡಿ ಅನ್ನುವುದು ಇದಕ್ಕೇ.

ತೊಂದರೆ ಏನೆಂದರೆ ದೂರ. ಎಲ್ಲ ಕಂಪನಿಗೂ ಜಿಲ್ಲಾ ಕೇಂದ್ರದಲ್ಲಿ ಸೆಂಟರ್ ಇರುವುದಿಲ್ಲ. ಚಿಕ್ಕಮಗಳೂರಲ್ಲಿ ಇಲ್ಲದ್ದು 60 ಕಿಲೋಮೀಟರ್ ಆಚೆ ಹಾಸನದಲ್ಲಿ ಇರಬಹುದು, ಅಲ್ಲೂ ಇಲ್ಲದಿದ್ದರೆ ಬೆಂಗಳೂರೇ ಗತಿ. ಹೋಗಿ ಬರುವ ಬಸ್ ಚಾರ್ಜು, ಒಂದು ದಿನದ ಕೆಲಸ, ಇವನ್ನೂ ಬ್ಯಾಟರಿ ಬೆಲೆಗೆ ಸೇರಿಸಿ. ಹೊರಡುವ ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ವಿಳಾಸ ನೋಡಿಕೊಂಡು, ಫೋನ್ ಮಾಡಿ, ನಿಮ್ಮ ಮಾಡೆಲ್ ಹೇಳಿ ಬ್ಯಾಟರಿ ಸ್ಟಾಕ್ ಇದೆಯಾ ಕೇಳಿ. "ಪಾರ್ಟ್ ಆರ್ಡರ್ ಹಾಕ್ಬೇಕು, ಸೆಟ್ ಬಿಟ್ಟು ಹೋಗಿ" ಅಂತ ಕೌಂಟರಿನಲ್ಲಿ ಹೇಳಿಸಿಕೊಂಡು ಬರಿಗೈಯಲ್ಲಿ ಬಸ್ ಹತ್ತುವುದಿದೆಯಲ್ಲ, ಅದು ಅನುಭವಿಸಿದವರಿಗೇ ಗೊತ್ತು. ಫೋಟೋ, ನಂಬರು ಎಲ್ಲ ಬ್ಯಾಕಪ್ ಮಾಡಿಕೊಂಡೇ ಹೋಗಿ. ಜಾಬ್ ಶೀಟ್ (ಸೆಟ್ ಪಡೆದದ್ದಕ್ಕೆ ಬರೆದು ಕೊಡುವ ಚೀಟಿ) ಇಲ್ಲದೆ ಸೆಟ್ ಕೊಡಬೇಡಿ. ಬೆನ್ನಿನ ಗಾಜು ಮೊದಲೇ ಒಡೆದಿದ್ದರೆ, ಅದನ್ನೂ ಬದಲಾಯಿಸಿದರೆ ಮಾತ್ರ ಬ್ಯಾಟರಿ ಹಾಕುತ್ತೇವೆ ಎನ್ನಬಹುದು. ಆಗ ಲೆಕ್ಕವೇ ಬೇರೆ.

ಸೆಟ್ ಐದಾರು ವರ್ಷ ಹಳೆಯದಾದರೆ ಇಲ್ಲಿ ಬ್ಯಾಟರಿ ಸಿಗದೇ ಹೋಗಬಹುದು. ಸಿಕ್ಕಿದರೂ ಅದೆಷ್ಟು ವರ್ಷ ಗೋಡೌನಿನಲ್ಲಿತ್ತು ಅಂತ ಕೇಳಿ.

ಪೇಟೆಯ ಮೊಬೈಲ್ ಅಂಗಡಿ

ನಮ್ಮಲ್ಲಿ ಹೆಚ್ಚಿನವರು ಹೋಗುವುದು ಇಲ್ಲಿಗೇ. ಅರ್ಧ ಗಂಟೆ, ಮುಕ್ಕಾಲು ಗಂಟೆಯ ಕೆಲಸ. ಎದುರಿಗೇ ಕೂತು ನೋಡಬಹುದು. ಡೇಟಾ ಹೋಗುವುದಿಲ್ಲ. ಚೌಕಾಸಿಗೂ ಜಾಗ ಇದೆ. ಕೈ ಪಳಗಿದವರ ಕೆಲಸ ನೋಡುವುದೇ ಒಂದು ಚೆಂದ. ಮೊದಲು ಫೋನಿನ ಬೆನ್ನಿಗೆ ಬಿಸಿಗಾಳಿ ಕೊಡುತ್ತಾರೆ, ಬೆರಳಿಟ್ಟು ಕಾವು ನೋಡುತ್ತಾರೆ. ತೆಳುವಾದ ಪ್ಲಾಸ್ಟಿಕ್ ಕಾರ್ಡನ್ನು ಅಂಚಿಗೆ ತೂರಿಸಿ ಸುತ್ತಲೂ ಎಳೆಯುತ್ತಾ ಬಂದರೆ ಹಪ್ಪಳ ಮುರಿದ ಹಾಗೆ ಸಣ್ಣದಾಗಿ ಚಟಚಟ ಅಂಟು ಬಿಡುತ್ತದೆ. ಒಳ್ಳೆ ಕೆಲಸಗಾರ ಮೊದಲು ಬ್ಯಾಟರಿಯ ಕನೆಕ್ಟರ್ ಬಿಚ್ಚುತ್ತಾನೆ, ಆಮೇಲೆ ಉಳಿದದ್ದನ್ನು ಮುಟ್ಟುತ್ತಾನೆ. ಹಳೆಯ ಬ್ಯಾಟರಿಯನ್ನು ಸ್ಕ್ರೂಡ್ರೈವರ್ ಹಾಕಿ ಮೀಟಿ ಎಬ್ಬಿಸುವವನನ್ನು ಕಂಡರೆ ನಾನು ಅಲ್ಲಿಂದ ಎದ್ದು ಬರುತ್ತೇನೆ. ಸೆಲ್ ತೂತಾದರೆ ಬೆಂಕಿ.

ಆದರೆ ಕೆಲಸಗಾರ ಎಷ್ಟೇ ಒಳ್ಳೆಯವನಿದ್ದರೂ ಅವನ ಕೈಗೆ ಬರುವ ಮಾಲು ಎಂಥದ್ದು ಅನ್ನುವುದು ಬೇರೆ ಮಾತು. ನನ್ನ 900 ರೂಪಾಯಿ ಬ್ಯಾಟರಿಯ ಕತೆ ಕೇಳಿ. "ಒರಿಜಿನಲ್ಲೇ ಸಾರ್, ಕಂಪನಿದೇ" ಎಂದಿದ್ದರು. ನನ್ನ ಹಳೆಯ ಬ್ಯಾಟರಿಯ ಮೇಲೆ 4,000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಎಂದಿತ್ತು. ಹೊಸದರ ಮೇಲೆ 6,000. ಗಾತ್ರ ಮಾತ್ರ ಒಂದೇ. ನನಗೆ ಅವತ್ತು ಖುಷಿಯೇ ಆಯಿತು, ಒಂದೂವರೆ ಪಟ್ಟು ಸಿಕ್ಕಿತಲ್ಲ ಅಂತ. ಬುದ್ಧಿ ಬಂದದ್ದು ಏಳು ತಿಂಗಳ ನಂತರ. ಮೇಜಿನ ಮೇಲೆ ಇಟ್ಟ ಫೋನು ಬುಗುರಿಯ ಹಾಗೆ ತಿರುಗಿತು! ಬೆನ್ನು ಉಬ್ಬಿ ನಡುವೆ ಮಾತ್ರ ಮೇಜಿಗೆ ತಾಗುತ್ತಿತ್ತು. ಅಂಚಿನ ಸಂದಿಯಲ್ಲಿ ಎಟಿಎಂ ಕಾರ್ಡು ಸಲೀಸಾಗಿ ಹೋಗುತ್ತಿತ್ತು.

ಅಷ್ಟೇ ಜಾಗದಲ್ಲಿ ಒಂದೂವರೆ ಪಟ್ಟು ಶಕ್ತಿ ತುಂಬುವ ಮಂತ್ರ ಯಾರ ಹತ್ತಿರವೂ ಇಲ್ಲ. ಕಂಪನಿಯ ಅಂಕಿಗಿಂತ ಜಾಸ್ತಿ ಬರೆದಿದ್ದರೆ ಅದು ಸುಳ್ಳು ಅಂತಲೇ ಹಿಡಿಯಿರಿ. ಅಂಗಡಿಯಲ್ಲಿ ತಕ್ಕಡಿ ಇದ್ದರೆ ಎರಡನ್ನೂ ತೂಗಿಸಿ. ಹೊಸದು ಹಳೆಯದಕ್ಕಿಂತ ಎದ್ದು ಕಾಣುವಷ್ಟು ಹಗುರ ಇದ್ದರೆ ಒಳಗೆ ಮಾಲು ಕಡಿಮೆ.

ಲೇಬಲ್ ಓದುವುದನ್ನೂ ಕಲಿಯಬೇಕು. ನಮ್ಮ ದೇಶದಲ್ಲಿ ಮಾರುವ ಲಿಥಿಯಂ ಬ್ಯಾಟರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಲೇಬಲ್ ಮೇಲೆ ಐಎಸ್ 16046 ಎಂದೂ, 'ಆರ್' ಅಕ್ಷರದ ಮುಂದೆ ನೋಂದಣಿ ನಂಬರೂ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿಗೆ ಇದೆ ಎಂದು ತೋರಿಸುತ್ತದೆ. ನಕಲಿ ಲೇಬಲ್ ಮಾಡುವವರು ನಂಬರನ್ನೂ ಕದ್ದು ಅಚ್ಚು ಹಾಕಬಹುದು ನಿಜ. ಆದರೂ ಬ್ಯಾಟರಿಯ ಮೇಲೆ ಒಂದು ಹೆಸರು, ಆ್ಯಪ್‌ನಲ್ಲಿ ಇನ್ನೊಂದು ಬಂದರೆ ಅಲ್ಲೇ ವಾಪಸ್ ಕೊಡಬಹುದಲ್ಲ.

'ಒರಿಜಿನಲ್' ಅನ್ನುವ ಪದಕ್ಕೆ ಅಂಗಡಿಯಲ್ಲಿ ಅರ್ಥ ಹಲವು. ಕೆಲವೊಮ್ಮೆ ಅದು ಸತ್ತ ಫೋನಿನಿಂದ ಬಿಚ್ಚಿದ ಬ್ಯಾಟರಿ. ಕಂಪನಿಯದ್ದು ಹೌದು, ಆದರೆ ನಿಮ್ಮದರಷ್ಟೇ ಮುದಿ. ಹಾಗಾಗಿ ನಾನೀಗ "ಒರಿಜಿನಲ್ಲಾ?" ಎಂದು ಕೇಳುವುದನ್ನೇ ಬಿಟ್ಟಿದ್ದೇನೆ. "ಯಾವ ತಿಂಗಳು ತಯಾರಾಗಿದ್ದು ತೋರಿಸಿ, ಆರು ತಿಂಗಳು ವಾರಂಟಿ ಬಿಲ್ಲಿನ ಮೇಲೆ ಬರೆದು ಕೊಡಿ" ಎನ್ನುತ್ತೇನೆ. ಬರೆದು ಕೊಡುವವರು ಕೊಡುತ್ತಾರೆ. "ಅದೆಲ್ಲ ಬೇಡ ಸಾರ್, ನಾವು ಇಲ್ಲೇ ಇರ್ತೀವಲ್ಲ" ಅನ್ನುವವರ ಹತ್ತಿರ ಟೆಂಪರ್ಡ್ ಗ್ಲಾಸ್ ಮಾತ್ರ ಹಾಕಿಸಿಕೊಳ್ಳಿ. ಹೆಸರಿರುವ, ಬೇರೆ ಕಂಪನಿಯೊಂದು ಈಚೆಗೆ ತಯಾರಿಸಿದ ಬ್ಯಾಟರಿಯನ್ನು "ಇದು ಒರಿಜಿನಲ್ ಅಲ್ಲ, ಆದ್ರೆ ಚೆನ್ನಾಗಿದೆ" ಎಂದು ನೇರವಾಗಿ ಹೇಳುವ ಅಂಗಡಿ ಸಿಕ್ಕರೆ ಅದನ್ನು ಬಿಡಬೇಡಿ. ಐದು ವರ್ಷ ದಾಟಿದ ಆಂಡ್ರಾಯ್ಡ್ ಸೆಟ್ಟಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಎದ್ದು ಬರುವ ಮೊದಲು ಬೆರಳಚ್ಚು, ವೈಬ್ರೇಟರ್, ಸ್ಪೀಕರ್, ಮೈಕು, ಎಲ್ಲವನ್ನೂ ಅಲ್ಲೇ ಪರೀಕ್ಷಿಸಿ. ಬೆನ್ನು ತೆಗೆಯುವಾಗ ಬೆರಳಚ್ಚಿನ ಪಟ್ಟಿ ಕಿತ್ತುಹೋಗುವುದು ಮಾಮೂಲಿ. ಮನೆಗೆ ಹೋದ ಮೇಲೆ ಹೇಳಿದರೆ ವಾದ ಶುರುವಾಗುತ್ತದೆ. ನೀರು ತಡೆಯುವ ಗುಣ ಹೋಯಿತು ಅಂತಲೇ ಅಂದುಕೊಳ್ಳಿ.

ತರಿಸಿ ತಾವೇ ಹಾಕುವವರು

ಬೆನ್ನು ಬಿಚ್ಚಿದರೆ ಬ್ಯಾಟರಿ ಕೈಗೆ ಬರುತ್ತಿದ್ದ ಕಾಲ ಹೋಯಿತು. ಈಗಿನ ಸೆಟ್‌ಗಳಲ್ಲಿ ಎಲ್ಲ ಅಂಟು. ಯೂರೋಪಿನಲ್ಲಿ 2023ರಲ್ಲಿ ಮಾಡಿದ ಬ್ಯಾಟರಿ ಕಾನೂನಿನ ಪ್ರಕಾರ 2027ರ ಫೆಬ್ರವರಿಯಿಂದ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು. ವಿನಾಯಿತಿಗಳೂ ಇವೆ. ಅದರ ಗಾಳಿ ಇಲ್ಲಿಗೂ ಬೀಸಿದರೆ ಒಳ್ಳೆಯದೇ.

ಅಲ್ಲಿಯವರೆಗೆ ನನ್ನ ಸಲಹೆ: ಲ್ಯಾಪ್‌ಟಾಪ್ ಆದರೆ ಸೈ, ಫೋನ್ ಆದರೆ ಬೇಡ. ಬಿಡಿ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಕಳಿಸುವಂತಿಲ್ಲ. 2016ರಿಂದ ಆ ನಿಷೇಧ ಇದೆ. ರಸ್ತೆಯಲ್ಲಿ ಬರುವುದರಿಂದ ಮೂಡಿಗೆರೆ, ಕೊಪ್ಪದಂಥ ಕಡೆಗೆ ತಡವಾದರೆ ಕೊರಿಯರ್‌ನವರನ್ನು ಬೈಯಬೇಡಿ. ಹಟ ಹಿಡಿದು ಮಾಡುವವರು ಹಳೆಯ ಬ್ಯಾಟರಿಯ ಚಾರ್ಜನ್ನು 25 ಪರ್ಸೆಂಟಿಗಿಂತ ಕೆಳಗೆ ಇಳಿಸಿಕೊಂಡು ಬಿಚ್ಚಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಳ್ಳಿ. ಉಬ್ಬಿದ ಬ್ಯಾಟರಿಯನ್ನಂತೂ ಮನೆಯಲ್ಲಿ ಮುಟ್ಟಲೇಬೇಡಿ.

ಪವರ್ ಬ್ಯಾಂಕ್ ಹಿಡಿದು ದಿನ ದೂಡುವುದು

ಇದೂ ಒಂದು ಆಯ್ಕೆಯೇ. ಆರು ತಿಂಗಳಲ್ಲಿ ಹೇಗೂ ಫೋನ್ ಬದಲಾಯಿಸುವವರು, ಕರೆಂಟ್ ಎರಡು ಮೂರು ದಿನ ಬಾರದ ತೋಟದ ಮನೆಯವರು ಇವರಿಗೆಲ್ಲ ಬ್ಯಾಟರಿಗಿಂತ ಪವರ್ ಬ್ಯಾಂಕೇ ಲಾಭ. ಫೋನ್ ಬದಲಾದರೂ ಅದು ಉಳಿಯುತ್ತದೆ. 10,000 ಎಂಎಎಚ್ ಎಂದರೆ 5,000ದ ಫೋನು ಎರಡು ಸಲ ತುಂಬುತ್ತದೆ ಅಂತ ಲೆಕ್ಕ ಹಾಕಬೇಡಿ ಅಷ್ಟೇ. ಆ 10,000 ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. 5 ವೋಲ್ಟಿಗೆ ಏರಿಸಿ ಹೊರಗೆ ಕೊಡುವಾಗ ಸೋರಿಕೆ ಎಲ್ಲ ಕಳೆದು 6,000ದ ಆಸುಪಾಸು ಸಿಗುತ್ತದೆ. ಡಬ್ಬಿಯ ಮೇಲೆ 'ರೇಟೆಡ್ ಕೆಪಾಸಿಟಿ' ಎಂದು ಸಣ್ಣಕ್ಷರದಲ್ಲಿ ಬರೆದಿರುವುದೇ ಅದು.

ಆದರೆ ಫೋನಿನ ಬ್ಯಾಟರಿ ಉಬ್ಬಿದ್ದರೆ ಪವರ್ ಬ್ಯಾಂಕ್ ಉತ್ತರ ಅಲ್ಲ. ಇದ್ದಕ್ಕಿದ್ದಂತೆ ಆಫ್ ಆಗುವ ಫೋನಿಗೂ ಅಲ್ಲ. ಚಾರ್ಮಾಡಿ ಘಾಟಿಯಲ್ಲಿ ಗಾಡಿ ಕೆಟ್ಟು ನಿಂತಾಗ 30 ಪರ್ಸೆಂಟ್ ಇದ್ದ ಫೋನು ಕೈಕೊಟ್ಟರೆ ಏನು ಮಾಡುತ್ತೀರಿ?

ಹೊಸ ಸೆಟ್

ಎರಡು ಸಂದರ್ಭದಲ್ಲಿ ಮಾತ್ರ ಹೊಸದು ತಗೊಳ್ಳಿ ಅನ್ನುತ್ತೇನೆ. ಅಪ್‌ಡೇಟ್ ನಿಂತು ಬ್ಯಾಂಕ್ ಆ್ಯಪ್ ತಕರಾರು ಶುರು ಮಾಡಿದ್ದರೆ. ಅಥವಾ ಬ್ಯಾಟರಿಯ ಜೊತೆ ಸ್ಕ್ರೀನು, ಚಾರ್ಜಿಂಗ್ ಪೋರ್ಟು ಎಲ್ಲ ಸೇರಿ ರಿಪೇರಿ ಖರ್ಚು ಸೆಟ್ಟಿನ ಈಗಿನ ಬೆಲೆಯ ಅರ್ಧ ದಾಟಿದರೆ. ಎಕ್ಸ್‌ಚೇಂಜಿಗೆ ಕೊಡುವ ಯೋಚನೆ ಇದ್ದರೆ ಅದಕ್ಕೋಸ್ಕರ ಹೊಸ ಬ್ಯಾಟರಿ ಹಾಕಿಸಬೇಡಿ, ಹಾಕಿದ ದುಡ್ಡು ಹುಟ್ಟುವುದಿಲ್ಲ.

ಲ್ಯಾಪ್‌ಟಾಪ್ ಕತೆ ಬೇರೆ

ಹಾಸನದ ಹುಡುಗನಿಗೆ ಅವನ ಗೆಳೆಯರು ಕೊಟ್ಟ ಸಲಹೆ, "ಯಾವಾಗ್ಲೂ ಚಾರ್ಜರ್ ಹಾಕೇ ಇರ್ತದಲ್ಲ, ಬ್ಯಾಟರಿ ಯಾಕೆ?" ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಈ ಮಾತು ನಡೆಯಬಹುದು. ಮಳೆ ಬಂದರೆ ಕರೆಂಟ್ ಹೋಗುವ ನಮ್ಮ ಕಡೆ ಲ್ಯಾಪ್‌ಟಾಪಿನ ಬ್ಯಾಟರಿ ಅಂದರೆ ಒಂದು ಯುಪಿಎಸ್. ಪ್ರಾಜೆಕ್ಟ್ ರಿಪೋರ್ಟ್ ಸೇವ್ ಮಾಡುವ ಮೊದಲೇ ಸ್ಕ್ರೀನ್ ಕಪ್ಪಾದರೆ ಗೊತ್ತಾಗುತ್ತದೆ ಅದರ ಬೆಲೆ.

ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ಒಂದು ಕಮಾಂಡ್ ಇದೆ. ತೆಗೆದು ನೋಡಿದರೆ ಹೊಸತರಲ್ಲಿ 41,000 ಮಿಲಿವಾಟ್ ಅವರ್ ಇದ್ದದ್ದು ಈಗ ಪೂರ್ತಿ ಚಾರ್ಜಿನಲ್ಲಿ 7,200. ಇನ್ನು ಯೋಚಿಸುವುದೇನಿದೆ? ಇಲ್ಲಿ ಬ್ಯಾಟರಿ ತರಿಸಿ ತಾವೇ ಹಾಕುವುದು ಕಷ್ಟವಲ್ಲ. ಹೆಚ್ಚಿನವುಗಳಲ್ಲಿ ಕೆಳಗಿನ ಮುಚ್ಚಳದ ಸ್ಕ್ರೂ, ಬ್ಯಾಟರಿಯ ನಾಲ್ಕೈದು ಸ್ಕ್ರೂ, ಒಂದು ಕನೆಕ್ಟರ್. ಅಂಟು ಇಲ್ಲ. ತಪ್ಪಾಗುವುದು ಆರ್ಡರ್ ಮಾಡುವಾಗ. ಲ್ಯಾಪ್‌ಟಾಪಿನ ಮಾಡೆಲ್ ಹೆಸರು ನೋಡಿ ತರಿಸಬೇಡಿ, ಒಂದೇ ಮಾಡೆಲ್ಲಿಗೆ ಎರಡು ಮೂರು ತರಹದ ಬ್ಯಾಟರಿ ಇರುತ್ತದೆ. ಮುಚ್ಚಳ ತೆಗೆದು ಬ್ಯಾಟರಿಯ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದುಕೊಂಡು ಅದನ್ನೇ ಹುಡುಕಿ. ವೋಲ್ಟೇಜ್ ಒಂದೇ ಇರಬೇಕು. ವಾಟ್ ಅವರ್ ಅಷ್ಟೇ ಇದ್ದರೆ ಸಾಕು. ಹಾಕಿದ ಮೇಲೆ, ಸೆಟ್ಟಿಂಗ್ ಇದ್ದರೆ, ಚಾರ್ಜ್ 80ಕ್ಕೆ ನಿಲ್ಲುವಂತೆ ಮಾಡಿ. ಸದಾ 100ರಲ್ಲಿ ಬಿಸಿಯಾಗಿ ಕೂರುವುದೇ ಲಿಥಿಯಂ ಬ್ಯಾಟರಿಗೆ ದೊಡ್ಡ ಶಿಕ್ಷೆ.

ಸಣ್ಣಪುಟ್ಟವು

ಕಿವಿಗೆ ಹಾಕುವ ವೈರಿಲ್ಲದ ಬಡ್ಸ್ ಬ್ಯಾಟರಿ ಹೋದರೆ ಬಿಟ್ಟುಬಿಡಿ. ಅಷ್ಟು ಸಣ್ಣದನ್ನು ಬಿಚ್ಚಿ ಮತ್ತೆ ಅಂಟಿಸಿದರೂ ಮೊದಲಿನ ಹಾಗಾಗುವುದಿಲ್ಲ. ಟಾರ್ಚ್ ಮಾತ್ರ ಖಂಡಿತ ಉಳಿಸಿಕೊಳ್ಳಿ. ಹೆಚ್ಚಿನ ಚಾರ್ಜಬಲ್ ಟಾರ್ಚಿನೊಳಗೆ 18650 ಎಂಬ ಸೆಲ್ ಇರುತ್ತದೆ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಳ್ಳೆ ಕಂಪನಿಯದ್ದರಲ್ಲೂ ಸಾಮಾನ್ಯವಾಗಿ 3,500 ಎಂಎಎಚ್ ಆಸುಪಾಸೇ. 9,900 ಎಂದು ಬರೆದದ್ದು ಕಂಡರೆ ನಕ್ಕು ಮುಂದೆ ಹೋಗಿ.

ತೋಟದಲ್ಲಿ ಔಷಧಿ ಹೊಡೆಯುವ ಬ್ಯಾಟರಿ ಪಂಪಿನದ್ದು ಹೆಚ್ಚಾಗಿ 12 ವೋಲ್ಟಿನ ಸೀಸದ ಬ್ಯಾಟರಿ. ಇದರ ಸ್ವಭಾವ ಲಿಥಿಯಂಗೆ ಉಲ್ಟಾ, ಪೂರ್ತಿ ತುಂಬಿಯೇ ಇರಬೇಕು. ಖಾಲಿ ಮಾಡಿ ಶೆಡ್ಡಿನ ಮೂಲೆಗೆ ಎಸೆದು ನಾಲ್ಕು ತಿಂಗಳು ಬಿಟ್ಟರೆ ಸತ್ತೇ ಹೋಗುತ್ತದೆ. ಪೂರ್ತಿ ಚಾರ್ಜ್ ಮಾಡಿ ಇಟ್ಟು, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಕೊಡಬೇಕು. ಹೊಸದನ್ನು ನಾವೇ ಹಾಕಬಹುದು, ಎರಡು ವೈರು ಅಷ್ಟೇ. ಕೆಂಪು, ಕಪ್ಪು ಅದಲು ಬದಲು ಆಗಬಾರದು.

ಹಾಕಿಸಿದ ಮೇಲೆ

"ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಿ" ಎಂದು ಅಂಗಡಿಯವರು ಈಗಲೂ ಹೇಳುತ್ತಾರೆ. ಅದು ನಿಕ್ಕಲ್ ಬ್ಯಾಟರಿಯ ಕಾಲದ ಮಾತು. ಬೇಕಾಗಿಲ್ಲ. ಮೊದಲ ವಾರ ಗಂಟೆಗೆ ಎಷ್ಟು ಇಳಿಯುತ್ತದೆ, ಚಾರ್ಜಿಗೆ ಹಾಕಿದಾಗ ಎಷ್ಟು ಬಿಸಿಯಾಗುತ್ತದೆ ಗಮನಿಸಿ. ಏನಾದರೂ ಎಡವಟ್ಟು ಅನ್ನಿಸಿದರೆ ವಾರಂಟಿ ಇರುವಾಗಲೇ ವಾಪಸ್ ಹೋಗಿ. ಮಳೆಗೆ ಒದ್ದೆಯಾದ ಫೋನನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಡಿ. ಮೆಣಸು ಒಣಗಿಸುವ ಜಾಗ ಅದು.

ಮೇಷ್ಟ್ರಿಗೆ ನಾನು ಹೇಳಿದ್ದು ಸರ್ವಿಸ್ ಸೆಂಟರ್. ಹೇಗೂ ಮುಂದಿನ ತಿಂಗಳು ಬೆಂಗಳೂರಿಗೆ ಮಗನ ಮನೆಗೆ ಹೋಗುತ್ತಾರೆ, ಫೋನಿಗೆ ಇನ್ನೂ ಅಪ್‌ಡೇಟ್ ಬರುತ್ತಿದೆ. ಅಲ್ಲಿಯವರೆಗೆ 40ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ ಎಂದೆ. "ಸರಿ, ಹಾಗಾದ್ರೆ ಇವನ್ನೇನು ಮಾಡ್ಲಿ?" ಎನ್ನುತ್ತಾ ಮೇಜಿನ ಡ್ರಾಯರ್ ಎಳೆದರು. ಹಳೆ ಕನ್ನಡಕ, ಸೀಮೆಸುಣ್ಣದ ತುಂಡುಗಳ ನಡುವೆ ನಾಲ್ಕು ಬ್ಯಾಟರಿ. ಒಂದು ನೋಕಿಯಾದ ಬಿಎಲ್-5ಸಿ. 2007ರ ಆಗಸ್ಟ್‌ನಲ್ಲಿ 4 ಕೋಟಿ 60 ಲಕ್ಷ ಬಿಎಲ್-5ಸಿ ಬಗ್ಗೆ ನೋಕಿಯಾ ಎಚ್ಚರಿಕೆ ಕೊಟ್ಟಾಗ ಊರೆಲ್ಲ ಫೋನ್ ಬೆನ್ನು ಬಿಚ್ಚಿ ನಂಬರ್ ನೋಡಿದ್ದು ಮೇಷ್ಟ್ರಿಗೆ ಚೆನ್ನಾಗಿ ನೆನಪಿದೆ. ಇನ್ನೊಂದು ಬ್ಯಾಟರಿ ಇಡ್ಲಿಯ ಹಾಗೆ ಉಬ್ಬಿತ್ತು.

ಕಸದ ಗಾಡಿಯ ಹಸಿ ಕಸಕ್ಕೂ ಬೇಡ, ಹಂಡೆ ಒಲೆಗಂತೂ ಬೇಡವೇ ಬೇಡ ಎಂದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಬೆಂಗಳೂರಿಗೆ ಹೋಗುವಾಗ ಸರ್ವಿಸ್ ಸೆಂಟರಿನಲ್ಲೇ ಕೇಳಿ ಕೊಟ್ಟುಬಿಡಬಹುದು. ಉಬ್ಬಿದ್ದನ್ನು ಮಾತ್ರ ಬಸ್ಸಿನಲ್ಲಿ ಒಯ್ಯುವುದು ಬೇಡ, ಇಲ್ಲೇ ಮೊಬೈಲ್ ಅಂಗಡಿಯವರನ್ನು ಕೇಳೋಣ ಎಂದೆ. ಮೇಷ್ಟ್ರು ನಾಲ್ಕಕ್ಕೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿದರು. ಉಬ್ಬಿದ್ದನ್ನು ಮರಳು ತುಂಬಿದ ಮಣ್ಣಿನ ಕುಂಡದಲ್ಲಿಟ್ಟು ಜಗಲಿಯ ಹೊರಗೆ, ಮಳೆ ಬೀಳದ ಮೂಲೆಯಲ್ಲಿ ಇಟ್ಟೆವು.